ಸೋರುವ ವಾಲ್ವು, ಬೆಳೆಯುವ ಹಾವಸೆ

ಶಿರಸಿಯ ಕಡೆಯಿಂದ ಗದಗ ಜಿಲ್ಲೆಗೆ ವರ್ಗವಾದ ಬ್ಯಾಂಕ್ ನೌಕರನಿಗೆ ನೆಂಟರಿಷ್ಟರು ಹೇಳುವ ಸಮಾಧಾನದ ಮಾತುಗಳಿಗೆ ಒಂದು ಕ್ರಮವಿದೆ. ಮೊದಲು ಬಿಸಿಲಿನ ಪ್ರಸ್ತಾಪ ಬರುತ್ತದೆ, ಆಮೇಲೆ ನೀರಿನದ್ದು, ಕೊನೆಗೆ ಜೋಳದ ರೊಟ್ಟಿ ಶುಗರ್ ಇದ್ದವರಿಗೆ ಬಹಳ ಒಳ್ಳೆಯದಂತೆ ಎಂಬ ಆಶೀರ್ವಾದ. ನನ್ನ ವಿಷಯದಲ್ಲಿ ಇವುಗಳ ಜೊತೆಗೆ ಇನ್ನೊಂದು ಮಾತು ಸೇರಿಕೊಂಡಿತ್ತು. "ಹೋಗಲಿ ಬಿಡು, ಅಲ್ಲಿಗೆ ಹೋದ ಮೇಲಾದರೂ ಆ ಹಾವಸೆಯ ಹುಚ್ಚು ಇಳಿದೀತು" ಎಂದು ಎಲ್ಲರೂ ಒಂದೇ ಧಾಟಿಯಲ್ಲಿ ಹೇಳಿದರು. ಅಮ್ಮನಂತೂ ನನ್ನ ಭೂತಗನ್ನಡಿಯನ್ನು ಸೂಟ್‌ಕೇಸಿನಿಂದ ತೆಗೆದು ಕಪಾಟಿನಲ್ಲಿಟ್ಟು, "ತಮಾ, ಅಲ್ಲಿ ಇದ್ಕೆಂತ ಕೆಲ್ಸ ಇಲ್ಲೆ" ಎಂದಿದ್ದಳು.

ಹಾವಸೆ ಎಂದೊಡನೆ ಮಳೆಗಾಲದ ಅಂಗಳದಲ್ಲಿ ಕಾಲು ಜಾರಿಸುವ ಲೋಳೆಯನ್ನು ನೆನಪಿಸಿಕೊಳ್ಳಬಾರದೆಂದು ಮೊದಲೇ ಬೇಡಿಕೊಳ್ಳುತ್ತೇನೆ. ಆ ಲೋಳೆಯಲ್ಲಿ ಬಹುಪಾಲು ಪಾಚಿಯದ್ದು. ಸೊಂಟ ಮುರಿದ ಅಪವಾದ ಮಾತ್ರ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದ ಹಾವಸೆಯ ತಲೆಗೆ ಬರುತ್ತದೆ. ನಾನು ಹೇಳುತ್ತಿರುವುದು ಗೋಡೆ, ಬಂಡೆ, ಮರದ ತೊಗಟೆಗಳ ಮೇಲೆ ಒತ್ತೊತ್ತಾಗಿ ಬೆಳೆಯುವ, ಹೂವೂ ನಿಜವಾದ ಬೇರೂ ಇಲ್ಲದ, ಬೀಜದ ಬದಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಗಳನ್ನು ಗಾಳಿಗೆ ಬಿಡುವ ಪುಟ್ಟ ಸಸ್ಯಗಳನ್ನು ಮತ್ತು ಅವುಗಳ ದಾಯಾದಿಗಳಾಗಿ ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡು ಕವಲೊಡೆಯುವ ಲಿವರ್‌ವರ್ಟ್‌ಗಳನ್ನು ಕುರಿತು. ಭಾರತದಲ್ಲಿ ಈ ಬಳಗದ ಸುಮಾರು 2500 ಪ್ರಭೇದಗಳಿವೆ. ಯಾವುದು ಯಾವ ಊರಿನಲ್ಲಿದೆ ಎಂದು ಬರೆದಿಡುವುದೇ ಒಂದು ಕೆಲಸ, ಮತ್ತು ಆ ಕೆಲಸಕ್ಕೆ ಸಂಬಳವಿಲ್ಲದ ಜನ ಯಾವ ಕಾಲದಲ್ಲಿಯೂ ಒಂದಿಷ್ಟು ಮಂದಿ ಸಿಕ್ಕಿದ್ದಾರೆ.

ನೆಂಟರು ಒಂದು ಸಂಗತಿಯನ್ನು ತಿಳಿದಿರಲಿಲ್ಲ. ಶಿರಸಿಯಲ್ಲಿ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದರಿಂದ ಹಾವಸೆಯೇನೋ ಧಾರಾಳವಾಗಿದೆ. ಆದರೆ ನಮಗಿಂತ ಮೊದಲು ಬಂದವರೂ ಧಾರಾಳವಾಗಿದ್ದಾರೆ. ಇಂಗ್ಲೆಂಡಿನ ಹಾವಸೆ ತಜ್ಞ ಎಚ್. ಎನ್. ಡಿಕ್ಸನ್ ಅವರು ಕೆನರಾ ಜಿಲ್ಲೆಯಿಂದ ಸಂಗ್ರಹವಾದ ಹಾವಸೆಗಳ ಬಗ್ಗೆ 1921ರಷ್ಟು ಹಿಂದೆಯೇ ಲೇಖನ ಪ್ರಕಟಿಸಿಬಿಟ್ಟಿದ್ದಾರೆ. ಅವರ ನಂತರ ಬಂದ ಸಂಶೋಧಕರೂ ರೈಲಿನಿಂದಿಳಿದವರೇ ಘಟ್ಟದ ಕಡೆಗೆ ನಡೆದರು. ಹೀಗಾಗಿ ನಮ್ಮೂರಿನಲ್ಲಿ ಪಟ್ಟಿಗೆ ಹೊಸದೊಂದನ್ನು ಸೇರಿಸಬೇಕೆಂದರೆ ಮರ ಹತ್ತಬೇಕು, ಇಲ್ಲವೇ ಇಂಬಳಗಳಿಗೆ ರಕ್ತದಾನ ಮಾಡುತ್ತಾ ಕಾಡಿನ ಒಂದೊಂದು ಎಲೆಯನ್ನೂ ಪರೀಕ್ಷಿಸಿ, ಅದರ ಮೇಲೆ ಸೂಜಿಮೊನೆಯಷ್ಟಗಲ ಹಬ್ಬಿರುವ ಲಿವರ್‌ವರ್ಟನ್ನು ಹುಡುಕಬೇಕು. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಅಲ್ಲಿ ಹಾವಸೆ ಹುಡುಕಲು ಯಾರು ತಾನೇ ಬರುತ್ತಾರೆ? ಯಾರೂ ಬಾರದಿರುವುದರಿಂದಲೇ ಅಲ್ಲಿನ ಒಂದು ಸೋರುವ ನಲ್ಲಿಯ ಬುಡದಲ್ಲಿ ಬಗ್ಗಿದವನಿಗೆ ಸಿಗುವ ಹಾವಸೆ, ಅದು ಎಷ್ಟೇ ಸಾಮಾನ್ಯದ್ದಾಗಿದ್ದರೂ, ಜಿಲ್ಲೆಯ ಪಟ್ಟಿಗೆ ಹೊಸದಾಗುವ ಸಾಧ್ಯತೆ ಇರುತ್ತದೆ. ಹಾವಸೆಗಳ ಹಂಚಿಕೆಯ ನಕ್ಷೆಗಳನ್ನು ನೋಡುವಾಗ ನನಗೆ ಕಾಣುವುದು ಹಾವಸೆಗಿಂತ ಹೆಚ್ಚಾಗಿ ಬಗ್ಗಿದ ಬೆನ್ನುಗಳೇ: ಎಲ್ಲಿ ಚುಕ್ಕೆಗಳು ದಟ್ಟವಾಗಿವೆಯೋ ಅಲ್ಲೊಂದು ಕಾಲೇಜೋ, ಒಳ್ಳೆಯ ಪ್ರವಾಸಿ ಬಂಗಲೆಯೋ ಇರುತ್ತದೆ.

ಇನ್ನು ಜಿಲ್ಲೆಗೆ ಹೊಸದು ಎಂಬ ಹೆಮ್ಮೆಯ ಬುಡವೂ ಅಷ್ಟೇನೂ ಗಟ್ಟಿಯಲ್ಲ. ಬ್ರಿಟನ್ನಿನವರು ಈ ವಿಷಯದಲ್ಲಿ ಬುದ್ಧಿವಂತರು. ಹೆವೆಟ್ ವಾಟ್ಸನ್ ಎಂಬ ಸಸ್ಯಶಾಸ್ತ್ರಜ್ಞ 1852ರಲ್ಲಿ ತನ್ನ ದೇಶವನ್ನು ಗಿಡಗಳ ಲೆಕ್ಕಕ್ಕೆಂದೇ 112 ತುಂಡುಗಳಾಗಿ ಭಾಗಿಸಿಟ್ಟ. ಆಮೇಲೆ ಸರ್ಕಾರ ಕೌಂಟಿಗಳ ಗಡಿಯನ್ನು ಎಷ್ಟೇ ಅದಲುಬದಲು ಮಾಡಿದರೂ ಸಸ್ಯಗಳ ಗಡಿ ಮಾತ್ರ ಹಾಗೆಯೇ ಉಳಿದಿದೆ, ಮತ್ತು ಅಲ್ಲಿನ ಹಾವಸೆ ಸಂಘದವರು ಇಂದಿಗೂ ಅದೇ ತುಂಡುಗಳ ಲೆಕ್ಕದಲ್ಲಿ ಹೊಸ ದಾಖಲೆಗಳನ್ನು ಪ್ರಕಟಿಸುತ್ತಾರೆ. ಆ ಸಂಘ 1896ರಲ್ಲಿ ಹಾವಸೆಗಳನ್ನು ಅಂಚೆಯಲ್ಲಿ ವಿನಿಮಯ ಮಾಡಿಕೊಳ್ಳುವವರ ಕೂಟವಾಗಿ ಹುಟ್ಟಿತ್ತೆಂಬುದು ನನಗೆ ಬಹಳ ಸಮಾಧಾನ ಕೊಡುವ ಚರಿತ್ರೆ; ಲಕೋಟೆಯಲ್ಲಿ ಮಣ್ಣು ತುಂಬಿ ಕಳಿಸುವವನು ನಾನೊಬ್ಬನೇ ಅಲ್ಲವೆಂದು ಮನೆಯಲ್ಲಿ ಹೇಳಿಕೊಳ್ಳಬಹುದು.

ನಮ್ಮಲ್ಲಿ ವಾಟ್ಸನ್ ಹುಟ್ಟಲಿಲ್ಲ, ಜಿಲ್ಲೆಗಳು ಹುಟ್ಟಿದವು. ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಇಲ್ಲಿಂದ ಯಾರಾದರೂ ಹಾವಸೆ ಕಿತ್ತಿದ್ದರೆ ಪೊಟ್ಟಣದ ಮೇಲೆ ಧಾರವಾಡವೆಂದೇ ಬರೆದಿರುತ್ತಾರೆ. ಹೊಸಪೇಟೆಯ ಕಡೆಯ ಗೆಳೆಯರೊಬ್ಬರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು, ಗದ್ದೆಯ ಬದುವಿನಲ್ಲಿ ಸಿಕ್ಕ ರಿಕ್ಸಿಯಾ ಎಂಬ ಲಿವರ್‌ವರ್ಟೊಂದನ್ನು ಬಳ್ಳಾರಿ ಜಿಲ್ಲೆಯ ಲೆಕ್ಕಕ್ಕೆ ಬರೆದು ನೆಮ್ಮದಿಯಾಗಿದ್ದರು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಆ ಬದು ರಾತ್ರೋರಾತ್ರಿ ಹೊಸ ಜಿಲ್ಲೆಗೆ ಸೇರಿಹೋಯಿತು. ಅವರೇನೂ ಕಣ್ಣೀರಿಡಲಿಲ್ಲ. ಒಂದೇ ಪೊಟ್ಟಣದಿಂದ ಎರಡು ಜಿಲ್ಲೆಗಳಿಗೆ ಮೊದಲ ದಾಖಲೆ ಒದಗಿಸಿದವರು ರಾಜ್ಯದಲ್ಲಿ ಬೇರೆ ಯಾರಿದ್ದಾರೆ ಎಂದು ಎದೆ ಸೆಟೆಸಿಕೊಂಡು ಕೇಳುತ್ತಾರೆ. ಬಳ್ಳಾರಿಯ ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕಬೇಕೇ ಎಂದರೆ ಮಾತ್ರ ಸಭೆಯ ವಿಷಯ ಬದಲಾಗುತ್ತದೆ.

ಒಣ ಸೀಮೆಯಲ್ಲಿ ಹಾವಸೆ ಹುಡುಕುವವನಿಗೆ ಕಾಡು ಬೇಕಿಲ್ಲ, ಎಲ್ಲಿ ನೀರು ಪೋಲಾಗುತ್ತಿದೆ ಎಂಬ ಮಾಹಿತಿ ಬೇಕು. ಬಚ್ಚಲ ನೀರು ಹೊರಬೀಳುವ ತೂಬು, ಓವರ್‌ಹೆಡ್ ಟ್ಯಾಂಕಿನ ಉತ್ತರದ ಮಗ್ಗುಲು, ರಸ್ತೆಯಡಿಯ ಮೋರಿ, ಹಳೆಯ ಬಾವಿಯ ಬಿಸಿಲು ಬೀಳದ ಮೆಟ್ಟಿಲು, ಇವೇ ನಮ್ಮ ತೀರ್ಥಕ್ಷೇತ್ರಗಳು. ಇವುಗಳ ಸಾಲಿಗೆ ಈಚೆಗೆ ಸೇರಿಕೊಂಡಿರುವುದು ಎಟಿಎಂ ಕೋಣೆಯ ಹಿಂದಿನ ಗೋಡೆ. ಹವಾನಿಯಂತ್ರಕದ ಕೊಳವೆಯಿಂದ ಹಗಲಿರುಳೂ ಹನಿಯುವ ನೀರು ಸಿಮೆಂಟಿನ ಮೇಲೆ ಒಂದು ಗೇಣಗಲದ ಮಲೆನಾಡನ್ನೇ ಸೃಷ್ಟಿಸಿರುತ್ತದೆ.

ಅಂಥ ಒಂದು ಗೋಡೆಯ ಮುಂದೆ ಬೆಳಗಿನ ಆರೂವರೆಗೆ ನಾನು ಮಂಡಿಯೂರಿ ಕುಳಿತಿದ್ದೆ. ಅಲ್ಲಿದ್ದದ್ದು ಹಯೋಫಿಲಾ ಇನ್‌ವಾಲ್ಯೂಟಾ, ದೇಶದ ಹಳೆಯ ಗೋಡೆಗಳಲ್ಲೆಲ್ಲ ಸಿಗುವ ಸಾಧಾರಣ ಹಾವಸೆ. ಆದರೆ ಅದರ ಆಟವನ್ನು ಒಮ್ಮೆ ಕಂಡವರು ಮತ್ತೆ ಮತ್ತೆ ಬಗ್ಗುತ್ತಾರೆ. ಒಣಗಿದಾಗ ಅದರ ಎಲೆಗಳ ಅಂಚು ಒಳಕ್ಕೆ ಸುರುಳಿಕೊಂಡು, ಇಡೀ ಗಿಡ ಕಪ್ಪುಗಟ್ಟಿ, ಗೋಡೆಗೆ ಮೆತ್ತಿದ ಹಳೆಯ ಕಸವೆಂದೇ ತೋರುತ್ತದೆ. ಮೇಲೊಂದು ಹನಿ ನೀರು ಬಿಟ್ಟು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ, ಒಂದೊಂದೇ ಎಲೆ ಅಲುಗಾಡಿ ಹೊರಳಿ ಬಿಚ್ಚಿಕೊಂಡು, ನಾವು ಉಸಿರು ಬಿಡುವುದರೊಳಗೆ ಅಲ್ಲೊಂದು ತಿಳಿಹಸಿರಿನ ನಕ್ಷತ್ರ ನಿಂತಿರುತ್ತದೆ. ನಾನು ಎಡಗೈಯಲ್ಲಿ ಭೂತಗನ್ನಡಿಯನ್ನೂ ಬಲಗೈಯಲ್ಲಿ ಪೆನ್ನು ಚಾಕುವನ್ನೂ ಹಿಡಿದು ಆ ನಕ್ಷತ್ರೋದಯದಲ್ಲಿ ಮುಳುಗಿದ್ದಾಗ ಹಿಂದೆ ಬೈಕು ನಿಂತ ಸದ್ದಾಯಿತು. ಗಸ್ತಿನಿಂದ ಮರಳುತ್ತಿದ್ದ ಪೊಲೀಸರಿಬ್ಬರು ಬಹಳ ಸೌಜನ್ಯದಿಂದ, "ಏನ್ ನಡದೈತ್ರಿ ಇಲ್ಲೆ?" ಎಂದು ವಿಚಾರಿಸಿದರು.

ಎಟಿಎಂ ಗೋಡೆಯನ್ನು ಚಾಕುವಿನಿಂದ ಕೆರೆಯುತ್ತಿರುವವನು ಆ ಪ್ರಶ್ನೆಗೆ ಕೊಡಬಹುದಾದ ಉತ್ತರಗಳಲ್ಲಿ "ಹಾವಸೆ ನೋಡುತ್ತಿದ್ದೇನೆ" ಎಂಬುದು ನಂಬಿಕೆಗೆ ಅತ್ಯಂತ ದೂರವಾದದ್ದು. ಬ್ಯಾಂಕಿನ ಗುರುತಿನ ಚೀಟಿ ತೋರಿಸಿದೆ. ಅದರಿಂದ ವಿಷಯ ಇನ್ನಷ್ಟು ಜಟಿಲವಾಯಿತು, ಏಕೆಂದರೆ ಚೀಟಿಯಲ್ಲಿದ್ದದ್ದು ಒಂದು ಬ್ಯಾಂಕು, ಗೋಡೆ ಇನ್ನೊಂದು ಬ್ಯಾಂಕಿನದು. ಕೊನೆಗೆ ಹಿರಿಯ ಪೇದೆಯವರಿಗೆ ಭೂತಗನ್ನಡಿ ಕೊಟ್ಟು, ಒಣ ಜಾಗದ ಮೇಲೆ ಬಾಟಲಿಯ ಮುಚ್ಚಳದಿಂದ ನೀರು ಬಿಟ್ಟೆ. ಅವರು ಒಂದು ಕಣ್ಣು ಮುಚ್ಚಿಕೊಂಡು ನೋಡಿದರು, ಮತ್ತೊಂದಿಷ್ಟು ನೀರು ಬಿಡಿಸಿಕೊಂಡು ನೋಡಿದರು, ಆಮೇಲೆ ಜೊತೆಯವರನ್ನು ಕರೆದು ಅವರಿಗೂ ತೋರಿಸಿದರು. ಠಾಣೆಯ ಹಿಂದೆ ಇದಕ್ಕಿಂತ ದೊಡ್ಡದು ಬೆಳೆದಿದೆಯೆಂದೂ, ಒಮ್ಮೆ ಬಂದು ನೋಡಬಹುದೆಂದೂ ಹೇಳಿದರು. ಠಾಣೆಗೆ ಬನ್ನಿ ಎಂಬ ಮಾತನ್ನು ಪೊಲೀಸರ ಬಾಯಿಂದ ಕೇಳಿ ಹಿಗ್ಗಿದವರು ಬಹಳ ಮಂದಿ ಇರಲಾರರು.

ಹೊಲಗಳ ಕಡೆಗೆ ಹೋದರೆ ಸಂಶಯದ ಸ್ವರೂಪ ಬೇರೆ. ಬೇಸಿಗೆಯಲ್ಲಿ ಬಂಡೆಯ ಸಂದಿನಲ್ಲಿ ಪ್ಲೇಜಿಯೋಕಾಸ್ಮಾ ಎಂಬ ಲಿವರ್‌ವರ್ಟ್ ತನ್ನೆರಡೂ ಅಂಚುಗಳನ್ನು ಮೇಲಕ್ಕೆ ಮಡಚಿ, ಕೆಳಮೈಯ ಕಪ್ಪು ನೇರಳೆ ಪೊರೆಯನ್ನಷ್ಟೇ ಹೊರಗೆ ತೋರುತ್ತಾ ಕರಿದಾರದ ತುಂಡುಗಳ ಹಾಗೆ ಬಿದ್ದಿರುತ್ತದೆ. ಹಸಿರಿನ ಭಾಗವೆಲ್ಲ ಮಡಿಕೆಯ ಒಳಗೆ. ಇದನ್ನು ಹುಡುಕುವವನು ಬಂಡೆ ಬಂಡೆಗೂ ನಿಂತು, ಬಗ್ಗಿ, ಮೂಸಿ, ಬಾಟಲಿಯ ನೀರು ಚಿಮುಕಿಸಿ ಮುಂದೆ ಹೋಗುತ್ತಾನೆ. ಬಾಟಲಿಯ ನೀರನ್ನು ಬಂಡೆಗೆ ಸುರಿಯುವ ಮನುಷ್ಯನನ್ನು ಈ ಸೀಮೆಯಲ್ಲಿ ಯಾರೂ ಲಘುವಾಗಿ ಪರಿಗಣಿಸುವುದಿಲ್ಲ. ಒಬ್ಬ ರೈತರು ಬಹಳ ಹೊತ್ತು ದೂರದಿಂದ ಗಮನಿಸಿ, ಹತ್ತಿರ ಬಂದು, ದನಿ ತಗ್ಗಿಸಿ, "ಸಾಹೇಬ್ರ, ನಮ್ಮ ಹೊಲದಾಗೂ ಒಂದ್ ಬೋರ್ ಪಾಯಿಂಟ್ ನೋಡಿ ಕೊಡ್ರಿ" ಎಂದರು. ತೆಂಗಿನಕಾಯಿಯಿಲ್ಲದೆ, ಕವಲುಕಡ್ಡಿಯಿಲ್ಲದೆ, ಬರೇ ಕಣ್ಣಿನಲ್ಲಿ ನೀರು ನೋಡುವವನು ದೊಡ್ಡ ಪಂಡಿತನೇ ಇರಬೇಕೆಂಬುದು ಅವರ ತರ್ಕ. ಈ ಸಸ್ಯಕ್ಕೆ ಬೇಕಾದದ್ದು ಮೇಲ್ಮೈಯ ಒಂದು ತೆಳುಪೊರೆಯಷ್ಟು ನೀರು, ಇದನ್ನು ನೆಚ್ಚಿ ಕೊಳವೆಬಾವಿ ಕೊರೆಸಿದರೆ ಸಾಲವೊಂದೇ ಉಕ್ಕೀತು ಎಂದು ನಾನು ವಿವರಿಸಿದ್ದನ್ನು ಅವರು ಪಂಡಿತರ ಸಹಜ ವಿನಯವೆಂದು ತೆಗೆದುಕೊಂಡು, ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳ ಊಟ ಹಾಕಿಯೇ ಕಳಿಸಿದರು. ಕಪ್ಪತಗುಡ್ಡದ ಕಡೆಗೆ ಹೋದಾಗಲಂತೂ ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡವಾದ್ದರಿಂದ, ನನ್ನನ್ನು ನಾಟಿ ವೈದ್ಯನೆಂದು ತಿಳಿದು ಮಂಡಿನೋವಿಗೆ ಏನಿದೆ ಎಂದು ಕೇಳಿದವರೇ ಹೆಚ್ಚು. ಅದು ವನ್ಯಜೀವಿ ಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಏನನ್ನೂ ಕೀಳುವಂತಿಲ್ಲ; ಮಂಡಿಯೂರಿ ನೋಡಿ, ಫೋಟೋ ತೆಗೆದು, ನನ್ನದೇ ಮಂಡಿನೋವನ್ನು ಹೊತ್ತುಕೊಂಡು ಮರಳುತ್ತಿದ್ದೆ.

ಇಷ್ಟಾದರೂ ನಾನು ಈ ಜಿಲ್ಲೆಯಲ್ಲಿ ಹೆಸರು ಮಾಡಿದ್ದು ವಾಲ್ವಿನ ಪ್ರಕರಣದಿಂದ.

ಬಾಡಿಗೆ ಮನೆಯ ಹಿಂದಿನ ಓಣಿಯಲ್ಲಿ ಕುಡಿಯುವ ನೀರಿನ ದೊಡ್ಡ ಕೊಳವೆಗೊಂದು ವಾಲ್ವು ಇತ್ತು. ಅದು ಎಂದಿನಿಂದ ಸೋರುತ್ತಿತ್ತೆಂಬುದನ್ನು ಓಣಿಯ ಹಿರಿಯರು ಚುನಾವಣೆಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಮನೆಗಳ ನಲ್ಲಿಗೆ ನೀರು ಬರುವುದು ಅಪರೂಪವಾದರೂ ವಾಲ್ವಿನ ಬುಡಕ್ಕೆ ಮಾತ್ರ ಅದು ತಪ್ಪುತ್ತಿರಲಿಲ್ಲ. ಅಲ್ಲಿನ ವೈಭವವನ್ನು ಏನೆಂದು ಹೇಳಲಿ! ಸಿಮೆಂಟಿನ ಕಟ್ಟೆಯ ಮೇಲೆ ಹಯೋಫಿಲಾ, ಅದರ ಪಕ್ಕದಲ್ಲಿ ಬೆಳ್ಳಿಯ ಹೊಳಪಿನ ಬ್ರಯಂ ಆರ್ಜೆಂಟಿಯಂ. ಈ ಎರಡನೆಯದರ ಎಲೆಗಳ ತುದಿಯಲ್ಲಿ ಹರಿತ್ತು ಇರುವುದಿಲ್ಲವಾದ್ದರಿಂದ ಆ ಹೊಳಪು; ಅಂಟಾರ್ಕ್ಟಿಕವೂ ಸೇರಿದಂತೆ ಎಲ್ಲ ಖಂಡಗಳಲ್ಲಿಯೂ ಬೆಳೆಯುವ ಹಾವಸೆ ನಮ್ಮ ಓಣಿಗೂ ದಯಮಾಡಿಸಿತ್ತು. ಕೆಳಗಿನ ಕೆಸರಿನಲ್ಲಿ ರಿಕ್ಸಿಯಾ ರೂಪಾಯಿ ನಾಣ್ಯದಗಲದ ಚಕ್ರಗಳಾಗಿ ಹರಡಿತ್ತು: ಒಂದೊಂದು ಕವಲೂ ತುದಿಯಲ್ಲಿ ಎರಡಾಗಿ, ಆ ಎರಡೂ ಮತ್ತೆ ಎರಡಾಗಿ, ನಡುವೆ ಗೀರಿದಂತೆ ಒಂದು ಸಣ್ಣ ಕಾಲುವೆ. ರಿಕ್ಸಿಯಾ ತನ್ನ ಬೀಜಕಗಳನ್ನು ದಂಟಿನ ಮೇಲೆ ಎತ್ತಿ ಹಿಡಿಯುವ ಆಡಂಬರಕ್ಕೆ ಹೋಗುವುದಿಲ್ಲ, ಮೈಯೊಳಗೇ ಹುದುಗಿಸಿಟ್ಟುಕೊಂಡು ಮೈ ಕೊಳೆತಾಗ ಮಣ್ಣಿಗೆ ಬಿಡುತ್ತದೆ. ಆದ್ದರಿಂದ ಅದನ್ನು ಗುರುತಿಸಲು ಬಲಿತ ಬೀಜಕಗಳಿಗಾಗಿ ಕಾಯಬೇಕಾಗುತ್ತದೆ.

ಕಾಯುತ್ತಿದ್ದೆ. ದಿನವೂ ಕಚೇರಿಗೆ ಹೋಗುವ ಮುನ್ನ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು, ವಾಲ್ವಿನ ಸುತ್ತ ಬಗ್ಗಿ ಬಗ್ಗಿ ಫೋಟೋ ತೆಗೆದು, ಸ್ಕೇಲು ಇಟ್ಟು ಅಳೆದು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಈ ದೃಶ್ಯದಿಂದ ಓಣಿಯವರು ಏನನ್ನು ಊಹಿಸಿದರೆಂದು ನನಗೆ ತಿಳಿದದ್ದು ತಡವಾಗಿ. ಜಿಲ್ಲೆಯಿಂದ ತನಿಖೆಗೆ ಅಧಿಕಾರಿ ಬಂದಿದ್ದಾರೆ, ದಿನಾ ಬಂದು ಅಳತೆ ಬರೆದುಕೊಂಡು ಹೋಗುತ್ತಿದ್ದಾರೆ ಎಂಬ ಸುದ್ದಿ ನೀರು ಬಿಡುವವರ ಕಿವಿಗೂ ಬಿದ್ದಿತ್ತು. ಒಂದು ಸೋಮವಾರ ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ವಾಲ್ವು ಬದಲಾಗಿ, ಕೆಸರಿಗೆಲ್ಲ ಕಾಂಕ್ರೀಟು ಬಿದ್ದು, ಅದರ ಮೇಲೆ ಯಾರದೋ ನಾಯಿ ಆಗಲೇ ನಡೆದುಹೋಗಿತ್ತು. ಓಣಿಯವರು ಬಾಗಿಲಿಗೆ ಬಂದು, "ನೀವು ಫೋಟೋ ಹೊಡದ ಮ್ಯಾಲೆ ಕೆಲಸ ಆತ್ ನೋಡ್ರಿ" ಎಂದು ಕೈ ಮುಗಿದರು. ಒಬ್ಬರು ಪೇಡೆ ಕೊಟ್ಟರು. ರಿಕ್ಸಿಯಾದ ಸಮಾಧಿಯ ಎದುರು ನಿಂತು ಪೇಡೆ ತಿನ್ನುವ ಪ್ರಸಂಗ ಯಾವ ಸಸ್ಯಪ್ರಿಯನಿಗೂ ಬಾರದಿರಲಿ.

ಅದೃಷ್ಟವಶಾತ್ ಒಂದು ಚಿಟಿಕೆಯನ್ನು ಮೊದಲೇ ಪೊಟ್ಟಣ ಕಟ್ಟಿಟ್ಟಿದ್ದೆ. ಹಾವಸೆಯ ಪೊಟ್ಟಣವೆಂದರೆ ಒಂದು ಹಾಳೆಯನ್ನು ಔಷಧದ ಪುಡಿ ಕಟ್ಟುವ ಹಾಗೆ ಮಡಚಿ, ಮೇಲೆ ಊರು, ದಿನಾಂಕ, ಯಾವುದರ ಮೇಲೆ ಬೆಳೆದಿತ್ತು, ಯಾರು ಕಿತ್ತರು ಎಂಬಿಷ್ಟನ್ನು ಬರೆದಿಡುವುದು. ಗಿಡವನ್ನು ಅಂಟಿಸಬೇಕಿಲ್ಲ, ವಿಷ ಹಾಕಬೇಕಿಲ್ಲ. ನೆರಳಿನಲ್ಲಿ ಒಣಗಿಸಿಟ್ಟರೆ ನೂರು ವರ್ಷದ ಮೇಲೂ ನೀರಿನಲ್ಲಿ ನೆನೆಸಿ, ಎಲೆ ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶ ಎಣಿಸಬಹುದು. ಗೆಳೆಯರ ಮೂಲಕ ಪರಿಚಯವಾದ ತಜ್ಞರೊಬ್ಬರಿಗೆ ಆ ಪೊಟ್ಟಣ ಕಳಿಸಿದೆ. ಕೊರಿಯರ್ ಅಂಗಡಿಯ ಹುಡುಗ ಒಳಗೇನಿದೆ ಎಂದು ಕೇಳಿ, ಮಣ್ಣು ಎಂದು ತಿಳಿದು, ಬೆಲೆಯ ಅಂಕಣದಲ್ಲಿ ಏನು ಬರೆಯಲೆಂದು ತಲೆ ಕೆರೆದುಕೊಂಡು, ಕೊನೆಗೆ ದೇವರ ಮೃತ್ತಿಕೆ ಎಂದು ಬರೆದು ಮುಗಿಸಿದ. ತಜ್ಞರು ಅದನ್ನು ಗುರುತಿಸಿ ನಮ್ಮ ಪಟ್ಟಿಗೆ ಹೊಸದೆಂದು ತಿಳಿಸಿದರು. ಹೀಗೆ ಒಂದು ಪ್ರಭೇದ ಜಿಲ್ಲೆಯ ಪಟ್ಟಿಗೆ ಸೇರುವುದೂ, ಪಟ್ಟಿಯಲ್ಲಿರುವ ಏಕೈಕ ಜಾಗದಿಂದ ಅದು ಇಲ್ಲವಾಗುವುದೂ ಒಟ್ಟೊಟ್ಟಿಗೆ ನಡೆದುಹೋಯಿತು.

ಆಮೇಲೆ ನನಗೆ ಮಾಹಿತಿದಾರರ ಕೊರತೆಯಾಗಲಿಲ್ಲ. ಯಾರ ಓಣಿಯಲ್ಲಿ ಕೊಳವೆ ಒಡೆದರೂ, ಯಾವ ಗಟಾರ ಉಕ್ಕಿದರೂ ಮೊದಲು ನನಗೆ ಕರೆ ಬರುತ್ತಿತ್ತು. ಸೋರುವ ಜಾಗಗಳ ಇಂಥ ಸಮಗ್ರ ಪಟ್ಟಿ ಯಾವ ವಿಶ್ವವಿದ್ಯಾಲಯದ ಸಂಶೋಧಕನಿಗೂ ಸಿಕ್ಕಿರಲಾರದು. ಆದರೆ ಕಷ್ಟವೆಂದರೆ ನಾನು ಫೋಟೋ ತೆಗೆದಲ್ಲೆಲ್ಲ ದುರಸ್ತಿಯ ಭಯ ಹುಟ್ಟುತ್ತಿತ್ತು. ನಾಗರಿಕನಾಗಿ ಸಂತೋಷಪಡಬೇಕೋ ದಾಖಲೆಗಾರನಾಗಿ ದುಃಖಿಸಬೇಕೋ ತಿಳಿಯದೆ, ಕ್ಯಾಮೆರಾವನ್ನು ಊಟದ ಡಬ್ಬಿಯ ಚೀಲದೊಳಗೆ ಬಚ್ಚಿಟ್ಟುಕೊಂಡು ಓಡಾಡುವ ಪರಿಸ್ಥಿತಿ ಬಂತು.

ಆದ್ದರಿಂದ ಮನೆಯ ಗೋಡೆಯೊಂದನ್ನಾದರೂ ಉಳಿಸಿಕೊಳ್ಳಬೇಕೆಂದು ನಿಶ್ಚಯಿಸಿದೆ. ಬಾಡಿಗೆ ಮನೆಯ ಹಿತ್ತಲಿನ ಗೋಡೆಯಲ್ಲಿ, ಟ್ಯಾಂಕು ತುಂಬಿ ಹೊರಚೆಲ್ಲುವ ಜಾಗದಲ್ಲಿ, ಒಂದು ಬ್ರಯಂ ಬೆಳೆದಿತ್ತು. ಬೆಳ್ಳಿಯದ್ದಲ್ಲ, ಬೇರೆ ಯಾವುದೋ. ದೀಪಾವಳಿಗೆ ಮುನ್ನ ಮಾಲೀಕರು ಸುಣ್ಣ ಬಳಿಸಲು ಆಳು ಕರೆಸಿದಾಗ ಒಂದು ಮೊಳ ಚೌಕದಷ್ಟು ಜಾಗವನ್ನು ಬಿಡುವಂತೆ ಅವರಲ್ಲಿ ಕೇಳಿಕೊಂಡೆ. ಬಾಡಿಗೆ ಸರಿಯಾಗಿ ಕೊಡುವ ಬಾಡಿಗೆದಾರನ ಮಾತೆಂದು ಅವರು ಒಪ್ಪಿದರು. ಸುತ್ತ ಬೆಳ್ಳಗಿನ ಗೋಡೆ, ನಡುವೆ ಹಸಿರು ಚೌಕ. ಇಷ್ಟು ನೀಟಾಗಿ ಬಿಟ್ಟ ಜಾಗಕ್ಕೆ ಕಾರಣವಿಲ್ಲದಿರುತ್ತದೆಯೇ? ಮಾಲೀಕರ ಮನೆಯ ಅಕ್ಕಾವರು ಅದನ್ನು ಒಮ್ಮೆ ನೋಡಿದರು, ನಾನು ದಿನಾ ಬೆಳಿಗ್ಗೆ ಅದರ ಎದುರು ಮಂಡಿಯೂರಿ ಕೂರುವುದನ್ನೂ ನೋಡಿದರು, ಏನೂ ಕೇಳಲಿಲ್ಲ. ಹಬ್ಬದ ದಿನ ಹಿತ್ತಲಿಗೆ ಹೋದಾಗ ಚೌಕದ ನೆತ್ತಿಗೆ ಅರಿಸಿನ ಕುಂಕುಮ ಬಿದ್ದಿತ್ತು, ಬುಡದಲ್ಲಿ ಚೆಂಡುಹೂವಿತ್ತು. ಮರುದಿನದಿಂದ ಒಂದು ಚೊಂಬು ನೀರೂ ತಪ್ಪದೆ ಬೀಳತೊಡಗಿ, ಬ್ರಯಂ ಹಿಂದೆಂದೂ ಕಾಣದಷ್ಟು ಹುಲುಸಾಯಿತು.

ಅದರ ಒಂದು ಚಿಟಿಕೆಯನ್ನೂ ತಜ್ಞರಿಗೆ ಕಳಿಸಿದ್ದೆ. ಕೆಲವು ಬ್ರಯಂಗಳನ್ನು ಗುರುತಿಸುವುದು ಅವುಗಳ ಬೇರುಗೂದಲಿನಲ್ಲಿ ಹುಟ್ಟುವ ಅತಿ ಸಣ್ಣ ಕೆಂಪು ಗೆಡ್ಡೆಗಳ ಆಧಾರದ ಮೇಲೆ. ತಜ್ಞರು ಉತ್ಸಾಹದಿಂದ ಫೋನು ಮಾಡಿ, ಪೊಟ್ಟಣದಲ್ಲಿ ಕೆಂಪು ಕಣಗಳು ಹೇರಳವಾಗಿವೆ, ಆದರೆ ಒಂದರಲ್ಲಿಯೂ ಜೀವಕೋಶಗಳು ಕಾಣುತ್ತಿಲ್ಲ, ಇವು ಗಿಡದ ಯಾವ ಭಾಗದಲ್ಲಿದ್ದವೆಂದು ನೆನಪಿದೆಯೇ ಎಂದು ಕೇಳಿದರು. ನಾನು ನಡೆದದ್ದನ್ನು ಹೇಳಿದೆ. ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಳಿಕ, ಪೂಜೆಗೆ ಮೊದಲು ಕಿತ್ತ ಇನ್ನೊಂದು ತುಣುಕನ್ನು ಕಳಿಸಲು ಸಾಧ್ಯವೇ ಎಂದು ವಿಚಾರಿಸಿದರು. ಮರುದಿನ ನಸುಕಿನಲ್ಲಿ, ಚೊಂಬು ನೀರು ಬೀಳುವ ಮುನ್ನವೇ, ನಾನು ಚಾಕು ಹಿಡಿದು ಹಿತ್ತಲಿಗೆ ಹೋದೆ. ಅಕ್ಕಾವರು ನನಗಿಂತ ಮೊದಲೇ ಎದ್ದು ಅಲ್ಲಿ ಕಸ ಗುಡಿಸುತ್ತಿದ್ದರು.

"ಸರ್ರ, ಜಳಕ ಆತೇನ್ರಿ?" ಎಂದರು. ಇಲ್ಲವೆಂದೆ.

"ಮತ್ತ ಮುಟ್ಟಬ್ಯಾಡ್ರಿ."